ಪಿಟೀಲು, ಶಟಲ್ ಮತ್ತು ಮನೆಯ ಒಂದೇ ಸಂಬಳ

ನನ್ನ ಕೆಲಸ ಹೋದಾಗ ಮಗಳಿಗೆ 9 ವರ್ಷ, ಮಗನಿಗೆ 12. ಎರಡು ಸಂಬಳದಲ್ಲಿ ನಡೆಯುತ್ತಿದ್ದ ಮನೆ ಒಂದೇ ಸಂಬಳಕ್ಕೆ ಬಂತು. ಆ ವಾರವೇ ನಾನೂ ನನ್ನ ಗಂಡನೂ ಕೂತು ಏನೇನು ಬಿಡಬಹುದು ಎಂದು ಪಟ್ಟಿ ಮಾಡಿದೆವು. ಪಟ್ಟಿಯ ಮೇಲ್ಗಡೆಯೇ ಇದ್ದದ್ದು ಮಗಳ ಪಿಟೀಲು ಕ್ಲಾಸು, ಮಗನ ಬ್ಯಾಡ್ಮಿಂಟನ್ ಕೋಚಿಂಗ್. ಮಕ್ಕಳಿಗೆ ಏನೂ ಹೇಳಲಿಲ್ಲ. ಚಿಕ್ಕವರು, ಸುಮ್ನೆ ಯಾಕೆ ಹೆದರಿಸುವುದು ಅಂದುಕೊಂಡೆವು.

ಎರಡು ದಿನ ಬಿಟ್ಟು ರಾತ್ರಿ ಮಲಗುವಾಗ ಮಗಳು ಕೇಳಿದಳು: "ಅಮ್ಮ, ನನ್ನ ಕ್ಲಾಸು ನಿಲ್ಲಿಸ್ತೀಯಾ?" ಅವಳಿಗೆ ಎಲ್ಲ ಗೊತ್ತಾಗಿತ್ತು. ಮಕ್ಕಳಿಗೆ ಗೊತ್ತಾಗುತ್ತದೆ. ನಾವು ಮುಚ್ಚಿಟ್ಟಿದ್ದರಿಂದ ಅವಳು ಎರಡು ದಿನ ಒಬ್ಬಳೇ ಹೆದರಿದ್ದಳು, ಅಷ್ಟೇ. ಮಾರನೇ ದಿನ ನಾಲ್ಕೂ ಜನ ಒಂದು ನೋಟ್‌ಬುಕ್ ಇಟ್ಟುಕೊಂಡು ಕೂತೆವು. ನಿಲ್ಲಿಸುವ ಮೊದಲು, ಈ ಎರಡು ಹವ್ಯಾಸಕ್ಕೆ ನಿಜವಾಗಿ ಎಷ್ಟು ಹೋಗುತ್ತಿದೆ ಎಂದು ನೋಡೋಣ ಅಂದೆ.

ಅಲ್ಲಿಯವರೆಗೆ ನನ್ನ ತಲೆಯಲ್ಲಿ ಇದ್ದದ್ದು ತಿಂಗಳ ಫೀಸು ಮಾತ್ರ. ನೋಟ್‌ಬುಕ್‌ನಲ್ಲಿ 12 ತಿಂಗಳ ಹೆಸರು ಬರೆದು, ಹಿಂದಿನ ವರ್ಷ ಯಾವ ತಿಂಗಳಲ್ಲಿ ಏನಕ್ಕೆ ಕೊಟ್ಟೆವು ಎಂದು ನೆನಪಿದ್ದಷ್ಟು ತುಂಬಿಸಿದೆವು. ಶೂ, ಶಟಲ್, ರಾಕೆಟ್‌ನ ತಂತಿ, ಟೂರ್ನಮೆಂಟ್ ಪ್ರವೇಶ ಶುಲ್ಕ, ಸಂಗೀತ ಪರೀಕ್ಷೆಯ ಶುಲ್ಕ, ವರ್ಷಕ್ಕೊಮ್ಮೆ ಕಾರ್ಯಕ್ರಮಕ್ಕೆಂದು ಹೊಲಿಸಿದ ಬಟ್ಟೆ, ಓಡಾಟ, ಕ್ಲಾಸು ಮುಗಿಸಿ ಬರುವಾಗ ಹಸಿವಾಯಿತೆಂದು ಹೊರಗೆ ತಿಂದದ್ದು. ಕೂಡಿದರೆ ಫೀಸು ಒಟ್ಟು ಖರ್ಚಿನಲ್ಲಿ ಅರ್ಧ ಮಾತ್ರ. ಉಳಿದರ್ಧ ನಮಗೆ ಕಾಣದ ಹಾಗೆ ಹೋಗುತ್ತಿತ್ತು. ಅದನ್ನು ನೋಡಿದ ಮೇಲೆ ಕ್ಲಾಸು ಬಿಡಿಸುವ ಮಾತು ನಿಂತಿತು. ಕಡಿಮೆ ಮಾಡಲು ಜಾಗ ಬೇರೆ ಕಡೆ ಇತ್ತು.

ಈಗಲೂ ಹಾಗೇ ಮಾಡುತ್ತೇವೆ. ವರ್ಷದ ಖರ್ಚನ್ನು ಮೊದಲೇ ಬರೆದು 12ರಿಂದ ಭಾಗಿಸಿ, ಅಷ್ಟು ಹಣವನ್ನು ಸಂಬಳ ಬಂದ ದಿನವೇ ಬೇರೆ ಖಾತೆಗೆ ಹಾಕುತ್ತೇವೆ. ಶೂ ಹರಿದ ತಿಂಗಳು ದಿನಸಿಯ ದುಡ್ಡಿಗೆ ಕೈ ಹಾಕುವುದು ತಪ್ಪಿತು. ನನಗೆ ಮನಸ್ಸಿಗೆ ಸಿಕ್ಕ ಸಮಾಧಾನ ಅದರಿಂದಲೇ ಜಾಸ್ತಿ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಚಿಕ್ಕಂದಿನಿಂದ ಕೇಳಿಕೊಂಡು ಬಂದಿದ್ದೇವೆ. ಆದರೆ ಮಕ್ಕಳ ಕಾಲು ವರ್ಷ ವರ್ಷ ಬೆಳೆಯುತ್ತದೆ, ಕೈಯೂ ಬೆಳೆಯುತ್ತದೆ. ಪಿಟೀಲಿನ ವಿಷಯದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಇಲ್ಲೇ. ಪಿಟೀಲು 1/4, 1/2, 3/4, ಕೊನೆಗೆ ಪೂರ್ಣ ಅಳತೆ ಹೀಗೆ ಬರುತ್ತದೆ. ಮಗಳಿಗೆ 6 ವರ್ಷ ಆದಾಗ ಬೇಕಿದ್ದದ್ದು 1/4. ಹೇಗೂ ಬೆಳೆಯುತ್ತಾಳೆ, ಇನ್ನೆರಡು ವರ್ಷ ಬರಲಿ ಎಂದು 1/2 ಅಳತೆಯದನ್ನು ಹೊಸದಾಗಿ ಕೊಂಡುಬಿಟ್ಟೆ. ಬಟ್ಟೆ ಕೊಂಡ ಹಾಗೆ! ಅವಳ ಎಡಗೈ ಪೂರ್ತಿ ಚಾಚಿದರೂ ಬೆರಳು ಸರಿಯಾದ ಜಾಗಕ್ಕೆ ಹೋಗುತ್ತಿರಲಿಲ್ಲ. ಮಣಿಕಟ್ಟು ಬಾಗುತ್ತಿತ್ತು, ಭುಜ ಮೇಲೇಳುತ್ತಿತ್ತು. ಈ ಅಭ್ಯಾಸ ಕೂತುಬಿಟ್ಟರೆ ಬಿಡಿಸುವುದು ಕಷ್ಟ ಎಂದು ಟೀಚರ್ ಹೇಳಿದರು. ನಷ್ಟಕ್ಕೆ ಮಾರಿದೆ.

ಆಮೇಲಿಂದ ಚಿಕ್ಕ ಅಳತೆಯ ಪಿಟೀಲನ್ನು ಹೊಸದಾಗಿ ಕೊಂಡೇ ಇಲ್ಲ. ಒಂದನ್ನು ಬಾಡಿಗೆಗೆ ತಂದೆವು. ಆಮೇಲಿನ ಎರಡನ್ನು ದೊಡ್ಡವರಾದ ಮಕ್ಕಳ ಮನೆಗಳಿಂದ ಹಳೆಯದನ್ನೇ ತೆಗೆದುಕೊಂಡೆವು. ಮಕ್ಕಳು ಒಂದು ಅಳತೆಯನ್ನು ಒಂದೆರಡು ವರ್ಷ ನುಡಿಸುತ್ತಾರೆ, ಆಮೇಲೆ ಅದು ಮೂಲೆ ಸೇರುತ್ತದೆ. ಹಾಗಾಗಿ ಚೆನ್ನಾಗಿರುವ ಹಳೆಯದು ಕೇಳಿದರೆ ಸಿಗುತ್ತದೆ. ಕೊಳ್ಳುವಾಗ ನೋಡಬೇಕಾದದ್ದನ್ನು ಟೀಚರ್ ಹತ್ತಿರವೇ ಕಲಿತೆ. ಮರದಲ್ಲಿ ಬಿರುಕು ಇರಬಾರದು. ಕುದುರೆ, ಅಂದರೆ ತಂತಿಗಳನ್ನು ಎತ್ತಿ ಹಿಡಿಯುವ ಚಿಕ್ಕ ಮರದ ತುಂಡು, ಬಾಗಿರಬಾರದು. ತಂತಿ ಬಿಗಿ ಮಾಡುವ ಬಿರಡೆ ತಿರುಗಿಸಿ ಬಿಟ್ಟರೆ ನಿಂತ ಜಾಗದಲ್ಲೇ ನಿಲ್ಲಬೇಕು. ಪಿಟೀಲು ನುಡಿಸುವ ಕಮಾನನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದರೆ ಪಕ್ಕಕ್ಕೆ ಸೊಟ್ಟಗಿರಬಾರದು. ತಂತಿ ಹಳೆಯದಾಗಿದ್ದರೆ ಚಿಂತೆ ಇಲ್ಲ, ಹೇಗೂ ಬದಲಿಸುತ್ತೇವೆ. ದುಡ್ಡು ಕೊಡುವ ಮೊದಲು ಟೀಚರ್ ಒಮ್ಮೆ ಕೈಯಲ್ಲಿ ಹಿಡಿದು ನೋಡಿದರೆ ಇನ್ನೂ ಒಳ್ಳೆಯದು. ಮನೆಯಲ್ಲಿ ಮಗಳ ಕೆಲಸ ಎರಡೇ: ನುಡಿಸಿದ ಮೇಲೆ ಕಮಾನಿನ ಕೂದಲು ಸಡಿಲ ಮಾಡುವುದು, ಕಮಾನಿಗೆ ಹಚ್ಚುವ ರಾಳ ತಂತಿಯ ಕೆಳಗೆ ಪುಡಿಯಾಗಿ ಬಿದ್ದದ್ದನ್ನು ಒಣ ಬಟ್ಟೆಯಲ್ಲಿ ಒರೆಸುವುದು. ಇಷ್ಟು ಮಾಡಿದರೆ ಮಾರುವಾಗಲೂ ಬೆಲೆ ಉಳಿಯುತ್ತದೆ.

ಬ್ಯಾಡ್ಮಿಂಟನ್‌ನಲ್ಲಿ ದುಡ್ಡು ತಿನ್ನುವುದು ರಾಕೆಟ್ ಅಲ್ಲ, ಶಟಲ್. ಗರಿಯ ಶಟಲ್‌ನಲ್ಲಿ 16 ಗರಿ ಇರುತ್ತವೆ. ಒಂದೆರಡು ಮುರಿದರೆ ಅದು ಹಾರುವ ದಾರಿಯೇ ಕೆಡುತ್ತದೆ. ಜೋರಾಗಿ ಆಡುವ ಮಕ್ಕಳಿಗೆ ಒಂದೇ ಸಂಜೆಗೆ ಮೂರು ನಾಲ್ಕು ಹೋಗುತ್ತವೆ. ನೈಲಾನ್ ಶಟಲ್ ಎಷ್ಟೋ ಪಾಲು ಹೆಚ್ಚು ಬಾಳುತ್ತದೆ. ಹಾಗಂತ ಪೂರ್ತಿ ನೈಲಾನ್‌ಗೇ ಬದಲಾದರೆ ಮಗನಿಗೆ ಪಂದ್ಯದಲ್ಲಿ ಕಷ್ಟ. ಗರಿಯದು ಹೊಡೆದ ಕೂಡಲೇ ವೇಗವಾಗಿ ಹೋಗಿ ಬೇಗ ನಿಧಾನವಾಗುತ್ತದೆ, ನೈಲಾನ್ ಹಾಗಲ್ಲ. ಅದಕ್ಕೆ ಗೆಳೆಯರ ಜೊತೆ ಆಡಲು ನೈಲಾನ್, ಪಂದ್ಯಕ್ಕೆ ಗರಿ ಎಂದು ಮಾಡಿಕೊಂಡೆವು. ಕ್ಲಾಸಿನಲ್ಲಿ ಎಸೆಯುವ ಹಳೆ ಶಟಲ್‌ಗಳನ್ನು ಕೋಚ್‌ರನ್ನು ಕೇಳಿ ಮನೆಗೆ ತರುತ್ತಾನೆ. ಸರ್ವ್ ಅಭ್ಯಾಸಕ್ಕೆ ಅವು ಧಾರಾಳ ಸಾಕು.

ಶೂ ವಿಷಯದಲ್ಲಿ ಮಾತ್ರ ನಾನು ಕೈ ಬಿಗಿ ಹಿಡಿಯುವುದಿಲ್ಲ. ಓಡುವ ಶೂಗೆ ಹಿಮ್ಮಡಿ ಎತ್ತರ. ಬ್ಯಾಡ್ಮಿಂಟನ್‌ನಲ್ಲಿ ಪಕ್ಕಕ್ಕೆ ನೆಗೆಯುವಾಗ ಅದನ್ನು ಹಾಕಿಕೊಂಡಿದ್ದರೆ ಪಾದ ಉಳುಕುವ ಅಪಾಯ ಜಾಸ್ತಿ. ಇನ್ನೊಬ್ಬರು ಹಾಕಿ ಸವೆದ ಶೂ ಕೂಡ ಬೇಡ. ರಾಕೆಟ್ ಹಳೆಯದಿರಲಿ, ಬ್ಯಾಗ್ ಇಲ್ಲದಿದ್ದರೂ ನಡೆಯುತ್ತದೆ, ಶೂ ಸರಿಯಾದದ್ದೇ ಇರಬೇಕು.

ನನಗೆ ಎಲ್ಲಕ್ಕಿಂತ ಕಷ್ಟ ಆದದ್ದು ಟೀಚರ್ ಹತ್ತಿರ ಮಾತಾಡುವುದು. ಫೀಸು ಕೊಡಲು ಆಗುತ್ತಿಲ್ಲ ಎಂದು ಹೇಗೆ ಹೇಳುವುದು? ಎರಡು ವಾರ ಮುಂದೂಡಿದೆ. ಕೊನೆಗೆ ಕ್ಲಾಸು ಮುಗಿದ ಮೇಲೆ ನಿಂತು, ಮಗಳನ್ನು ಸ್ವಲ್ಪ ದೂರ ಕಳಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ರಿಯಾಯಿತಿ ಕೊಡಿ ಎಂದು ಕೇಳಲಿಲ್ಲ. "ನಾವು ತಿಂಗಳಿಗೆ ಇಷ್ಟು ಕೊಡಬಹುದು, ಇದರಲ್ಲಿ ಅವಳಿಗೆ ಏನು ಮಾಡಬಹುದು?" ಅಂದೆ. ಅವರು ಒಂದು ನಿಮಿಷ ಯೋಚಿಸಿ, ವಾರಕ್ಕೆ ಎರಡು ಒಬ್ಬಳದೇ ಪಾಠದ ಬದಲು ಮೂರು ಮಕ್ಕಳ ಗುಂಪಿನಲ್ಲಿ ಒಂದು ದಿನ, ಹದಿನೈದು ದಿನಕ್ಕೊಮ್ಮೆ ಅವಳೊಬ್ಬಳಿಗೇ ಒಂದು ಪಾಠ ಎಂದರು. ಮನೆಗೆ ಬರುವಾಗ ದಾರಿಯಲ್ಲಿ ನನಗೆ ಅಳು ಬಂತು. ಗುಂಪಿಗೆ ಹೋದ ಮೇಲೆ ಮಗಳ ತಾಳ ಸುಧಾರಿಸಿತು. ಬೇರೆಯವರ ಜೊತೆ ನುಡಿಸುವಾಗ ತಾನೊಬ್ಬಳೇ ಓಡಲು ಆಗುವುದಿಲ್ಲ ಅಲ್ವಾ?

ಒಬ್ಬೊಬ್ಬರಿಗೆ ದುಡ್ಡು ಕೊಟ್ಟು ಕಲಿಯುವ ಹವ್ಯಾಸ ಒಂದೇ ಎಂದು ನಾಲ್ವರೂ ಒಪ್ಪಿಕೊಂಡಿದ್ದೇವೆ. ಉಳಿದದ್ದು ಖರ್ಚಿಲ್ಲದ್ದು. ಮಗ ಲಿಚೆಸ್ ಎಂಬ ವೆಬ್‌ಸೈಟ್‌ನಲ್ಲಿ ಚೆಸ್ ಆಡುತ್ತಾನೆ. ಅದು ಪೂರ್ತಿ ಉಚಿತ, ಜಾಹೀರಾತೂ ಇಲ್ಲ. ಮಗಳಿಗೆ ಚಿತ್ರ ಬಿಡಿಸುವ ಹುಚ್ಚು. 24 ಬಣ್ಣದ ಪೆಟ್ಟಿಗೆ ಬೇಕು ಅಂದಿದ್ದಳು. ಕೆಂಪು, ಹಳದಿ, ನೀಲಿ, ಬಿಳಿ ನಾಲ್ಕನ್ನೇ ಸ್ವಲ್ಪ ಒಳ್ಳೆಯದು ತಂದುಕೊಟ್ಟೆ. ಈಗ ಹಸಿರನ್ನು ಎಷ್ಟು ಬಗೆಯಲ್ಲಿ ಕಲಸಬಹುದು ಎಂದು ಅವಳೇ ನನಗೆ ಹೇಳುತ್ತಾಳೆ.

ನಡುವೆ ಮಗ ಈಜಿಗೂ ಸೇರುತ್ತೇನೆ ಎಂದು ಹಠ ಹಿಡಿದ. ಮೊದಲೆಲ್ಲ ನಾನು "ನೋಡೋಣ" ಅನ್ನುತ್ತಿದ್ದೆ. ಮಕ್ಕಳು ಆ ಮಾತು ಹಿಡಿದುಕೊಂಡು ತಿಂಗಳುಗಟ್ಟಲೆ ಕಾಯುತ್ತಾರೆ. ಈ ಸಲ ನೋಟ್‌ಬುಕ್ ತೆಗೆದು ತೋರಿಸಿ, "ಈ ವರ್ಷ ಎರಡೂ ಆಗುವುದಿಲ್ಲ, ಬ್ಯಾಡ್ಮಿಂಟನ್ ಬಿಟ್ಟು ಈಜಿಗೆ ಹೋಗುವುದಾದರೆ ಆಗುತ್ತದೆ" ಅಂದೆ. ಅವನು ಒಂದು ದಿನ ಮುಖ ಊದಿಸಿಕೊಂಡಿದ್ದ. ಆಮೇಲೆ ಬ್ಯಾಡ್ಮಿಂಟನ್ ಸಾಕು ಅಂದ. ತನ್ನ ಪುಟದಲ್ಲಿರುವ ದುಡ್ಡನ್ನು ಈಗ ಅವನೇ ನೋಡಿಕೊಳ್ಳುತ್ತಾನೆ. ಹೋದ ಸಲ ಒಂದು ಟೂರ್ನಮೆಂಟ್ ಬಿಟ್ಟು ರಾಕೆಟ್‌ಗೆ ಹೊಸ ತಂತಿ ಹಾಕಿಸಿಕೊಂಡ. ನಾನಾಗಿದ್ದರೆ ಟೂರ್ನಮೆಂಟ್ ಆಡಿಸುತ್ತಿದ್ದೆ. ಆದರೂ ತಡೆಯಲಿಲ್ಲ.

ದುಡ್ಡಿನಷ್ಟೇ ಸಂಜೆಗಳೂ ಖರ್ಚಾಗುತ್ತವೆ. ಮೊದಲು ವಾರಕ್ಕೆ ಐದು ಸಂಜೆ ಯಾರಾದರೊಬ್ಬರು ಹೊರಗೇ ಇರುತ್ತಿದ್ದೆವು. ಈಗ ಬ್ಯಾಡ್ಮಿಂಟನ್‌ಗೆ ಇನ್ನೊಂದು ಮನೆಯವರ ಜೊತೆ ಸರದಿ ಮಾಡಿಕೊಂಡಿದ್ದೇವೆ. ಒಂದು ವಾರ ನಾವು, ಒಂದು ವಾರ ಅವರು. ಯಾರಿಗೂ ಏನೂ ಇಲ್ಲದ ಸಂಜೆಗಳು ವಾರಕ್ಕೆ ಮೂರು ಸಿಕ್ಕಿವೆ. ಅವನ್ನು ಯಾವ ಕ್ಲಾಸಿಗೂ ಬಿಟ್ಟುಕೊಡುವುದಿಲ್ಲ.

ಮಗಳಿಗೆ ಈಗ 12. ಬರುವ ತಿಂಗಳು ಪೂರ್ಣ ಅಳತೆಯ ಪಿಟೀಲು. ಇದು ಇನ್ನು ಚಿಕ್ಕದಾಗುವುದಿಲ್ಲ. ಅದಕ್ಕೇ ಇಷ್ಟು ವರ್ಷ ಉಳಿಸಿದ್ದನ್ನೆಲ್ಲ ಇದಕ್ಕೆ ಹಾಕುತ್ತಿದ್ದೇವೆ. ಅವಳ 3/4 ಪಿಟೀಲು ಅದೇ ಗುಂಪಿನ ಚಿಕ್ಕ ಹುಡುಗಿಗೆ ಹೋಗುತ್ತದೆ. ನಿನ್ನೆ ಅದನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟು, ಒಳಗೆ ಒಂದು ಚೀಟಿ ಬರೆದಿಟ್ಟಿದ್ದಾಳೆ: "ಮೊದಲ ತಂತಿಯ ಬಿರಡೆ ಸ್ವಲ್ಪ ಜಾರುತ್ತೆ. ಒಳಗೆ ಒತ್ತಿ ತಿರುಗಿಸು."