‘ಮುಗುಳ್ನಗೆ’ಯ ಬೇರು ಹುಡುಕುವ ಬಗೆ

ಮೊದಲು ಪದವನ್ನು ಬಿಡಿಸಿ: ಮುಗುಳ್ + ನಗೆ. ಮುಗುಳ್ ಎಂದರೆ ಮೊಗ್ಗು. ಮೊಗ್ಗು ಬಿರಿಯುವಷ್ಟೇ ತುಟಿ ಬಿರಿದರೆ ಮುಗುಳ್ನಗೆ. ಹಲ್ಲೆಲ್ಲ ಕಂಡರೆ ಆ ಹೆಸರು ಹೊಂದದು. ‘ಮುಗಳ್ನಗೆ’ ಎಂದು ಬರೆಯುವವರು ಬಹಳ. ಹಾಗೆ ಬರೆದರೆ ಮೊಗ್ಗೇ ಕಾಣೆಯಾಗುತ್ತದೆ. ಮುಗುಳುನಗೆ ಎಂದರೆ ಅಡ್ಡಿಯಿಲ್ಲ.

ಇನ್ನು ನಗೆ. ‘ನಗು’ ಎಂಬ ಕ್ರಿಯೆಯಿಂದ ಬಂದ ನಾಮಪದ ಇದು, ಹೊರು–ಹೊರೆ ಇದ್ದಂತೆ. ಬೇರಿಗೆ ಇಳಿಯಲು ಭೂತಕಾಲದ ರೂಪವನ್ನು ಹಿಡಿಯಿರಿ: ನಕ್ಕ, ನಕ್ಕಳು. ಗಕಾರ ಇದ್ದಲ್ಲಿ ಕ್ಕ ಬಂದಿದೆ. ಸಿಗು–ಸಿಕ್ಕ, ಮಿಗು–ಮಿಕ್ಕ, ಹೊಗು–ಹೊಕ್ಕ ಇದೇ ಸಾಲಿನವು. ಮೂಲದಲ್ಲಿದ್ದದ್ದು ಕಕಾರ. ಎರಡು ಸ್ವರಗಳ ನಡುವಿನ ಒಂಟಿ ಕಕಾರ ಕನ್ನಡದಲ್ಲಿ ಗಕಾರವಾಯಿತು. ಒತ್ತು ಇದ್ದಲ್ಲಿ ಹಾಗೆಯೇ ಉಳಿಯಿತು. ಇಷ್ಟು ಸಣ್ಣ ಕ್ರಿಯಾಪದದಲ್ಲಿ ಇಷ್ಟು ಹಳೆಯ ಗುರುತು ಉಳಿದಿರುವುದು ನಿಜಕ್ಕೂ ಸೊಗಸು.

ನಿಘಂಟಿನಲ್ಲಿ ಹುಡುಕುವಾಗ ಇದೇ ಕೈಹಿಡಿಯುತ್ತದೆ. ಕಿಟ್ಟೆಲ್ ನಿಘಂಟಿನಲ್ಲಿ (1894) ‘ನಗು’ ನೇರವಾಗಿ ಸಿಗುತ್ತದೆ. ಬರೋ–ಎಮೆನೊ ಅವರ ದ್ರಾವಿಡ ನಿಘಂಟು (1961, ಪರಿಷ್ಕೃತ ಮುದ್ರಣ 1984) ಹಾಗಲ್ಲ: ಅಲ್ಲಿ ಮೊದಲು ಬರುವುದು ತಮಿಳು ರೂಪ, ಅದೂ ‘ನಕು’ ಎಂದು, ಏಕೆಂದರೆ ತಮಿಳು ಬರಹದಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ಪುಟ ತಿರುವುತ್ತ ಕೂರಬೇಡಿ. ಕೊನೆಯ ಕನ್ನಡ ಪದಸೂಚಿಯಲ್ಲಿ ‘ನಗು’ ನೋಡಿ, ಅದರ ಸಂಖ್ಯೆ ಹಿಡಿದು ಹಿಂದಕ್ಕೆ ಬನ್ನಿ. ತೆಲುಗಿನ ನಗು, ನವ್ವು ಅಲ್ಲೇ ಜೊತೆಗಿವೆ. ಒಡಹುಟ್ಟಿದ ಭಾಷೆಗಳಲ್ಲಿ ಹೀಗೆ ಒಟ್ಟಿಗೆ ಸಿಕ್ಕ ಪದವನ್ನು ಅಚ್ಚ ದ್ರಾವಿಡ ಎನ್ನಲು ಹಿಂಜರಿಯಬೇಕಿಲ್ಲ.

ಎಡವುವುದು ಎರಡು ಕಡೆ. ಸಂಸ್ಕೃತದ ‘ನಗ’ ಎಂದರೆ ಚಲಿಸದ್ದು, ಬೆಟ್ಟ. ದನಿ ಹೋಲುತ್ತದೆಂದು ನಗುವನ್ನು ಅದಕ್ಕೆ ಕಟ್ಟಬೇಡಿ. ಹಾಗೆಯೇ ‘ನಕ್ಕು’ ಎಂಬುದಕ್ಕೆ ನೆಕ್ಕು ಎಂಬ ಅರ್ಥವೂ ಉಂಟು, ಅದು ಬೇರೆಯೇ ಪದ. ವಾಕ್ಯ ಓದದೆ ತೀರ್ಮಾನ ಬೇಡ.

ಅರ್ಥದ ವಿಷಯಕ್ಕೆ ಬಂದರೆ, ಬರಿಯ ‘ನಗು’ ಮೆಲುನಗುವಿಗೂ ಗಹಗಹಿಕೆಗೂ ಸಲ್ಲುತ್ತದೆ, ನಗೆಗೀಡು ಎಂಬಲ್ಲಿ ಗೇಲಿಗೂ ಸಲ್ಲುತ್ತದೆ. ಅಳತೆ ಹೇಳಲು ಮುಂದೊಂದು ಪದ ಬೇಕು: ನಸುನಗೆ, ಕಿರುನಗೆ, ಹುಸಿನಗೆ. ಸಂಸ್ಕೃತದಿಂದ ಬಂದ ಸ್ಮಿತ, ಮಂದಹಾಸ ಮುಗುಳ್ನಗೆಗೆ ಹತ್ತಿರ. ನಾಟ್ಯಶಾಸ್ತ್ರ ಹೇಳುವ ಆರು ಬಗೆಯ ನಗೆಗಳಲ್ಲಿ ಸ್ಮಿತವೇ ಮೊದಲನೆಯದು, ಅದರಲ್ಲಿ ಹಲ್ಲು ಕಾಣುವುದಿಲ್ಲ.