ಹಿಡಿ ಅಕ್ಕಿಯ ಕಾಣಿಕೆ: ಮನೆಯಲ್ಲಿಯೂ ಸಭೆಯಲ್ಲಿಯೂ ಆರಂಭಿಸುವ ಬಗೆ

ಮಿಜೋರಾಮಿನ ಪ್ರೆಸ್ಬಿಟೇರಿಯನ್ ಎಂಬ ಕ್ರೈಸ್ತ ಸಭೆಯ (ಚರ್ಚಿನ) ಸ್ತ್ರೀಯರು 1910ರಿಂದ ಒಂದು ಪದ್ಧತಿಯನ್ನು ನಡೆಸಿಕೊಂಡು ಬಂದಿದ್ದಾರೆ. ಅಡುಗೆಗೆಂದು ಅಕ್ಕಿಯನ್ನು ಅಳೆದ ಮೇಲೆ, ಅದನ್ನು ಒಲೆಗೆ ಏರಿಸುವ ಮೊದಲು, ಒಂದು ಹಿಡಿಯನ್ನು ತೆಗೆದು ದೇವರ ಪಾಲೆಂದು ಬೇರೆ ಪಾತ್ರೆಯಲ್ಲಿ ಇಡುತ್ತಾರೆ. ಮನೆಮನೆಯಿಂದ ಸಂಗ್ರಹಿಸಿದ ಆ ಅಕ್ಕಿಯನ್ನು ಮಾರಿ, ಬಂದ ಹಣವನ್ನು ಸಭೆಯ ಸೇವೆಗೆ ಬಳಸುತ್ತಾರೆ. ಅಲ್ಲಿ ಇದಕ್ಕೆ ಬುಹ್‌ಫಾಯ್ ಥಾಮ್ ಎಂದು ಹೆಸರು. ಕೈಯಲ್ಲಿ ಕಾಸಿಲ್ಲದ ಗೃಹಿಣಿಯೂ ಯಾರ ಅನುಮತಿಗೂ ಕಾಯದೆ ಕೊಡಬಹುದಾದ ಕಾಣಿಕೆ ಇದು. ನಮ್ಮ ಸಭೆಗಳಲ್ಲಿ ಇದನ್ನು ಮಾರಾಟಕ್ಕಿಂತ ನೆರೆಹೊರೆಯವರ ಊಟಕ್ಕೇ ಬಳಸುವುದು ಹೆಚ್ಚು ಸೂಕ್ತವೆಂದು ನನ್ನ ಅಭಿಪ್ರಾಯ. ಮುಂದಿನ ಸೂಚನೆಗಳೆಲ್ಲ ಆ ಉದ್ದೇಶಕ್ಕೆ ಹೊಂದುವಂಥವು.

ಮೊದಲು ಮನೆಯಲ್ಲಿ ಆರಂಭಿಸಿರಿ. ಎಂದಿನಷ್ಟೇ ಅಕ್ಕಿಯನ್ನು ಅಳೆದು, ಆ ಅಳತೆಯಿಂದಲೇ ಒಂದು ಹಿಡಿಯನ್ನು ತೆಗೆಯಬೇಕು. ಕಾಣಿಕೆಗೆಂದು ಮೂಟೆಯಿಂದ ಒಂದು ಹಿಡಿ ಹೆಚ್ಚು ತೆಗೆದರೆ ನಮ್ಮ ತಟ್ಟೆಗೆ ಏನೂ ಕಡಿಮೆಯಾಗುವುದಿಲ್ಲ, ಅಭ್ಯಾಸದ ತಿರುಳೂ ತಪ್ಪಿಹೋಗುತ್ತದೆ. ಬೈಬಲಿನ ಒಂದನೆಯ ಅರಸುಗಳ ಪುಸ್ತಕದ 17ನೆಯ ಅಧ್ಯಾಯದಲ್ಲಿ ಸರೆಪ್ತದ ವಿಧವೆಯು ಮಡಕೆಯ ತಳದಲ್ಲಿದ್ದ ಒಂದು ಹಿಡಿ ಹಿಟ್ಟಿನಿಂದಲೇ ಪ್ರವಾದಿ ಎಲೀಯನಿಗೆ ಮೊದಲು ರೊಟ್ಟಿ ಮಾಡಿಕೊಟ್ಟಳೇ ಹೊರತು, ತಾನು ಮತ್ತು ಮಗ ಉಂಡು ಮಿಕ್ಕದ್ದನ್ನಲ್ಲ. ಅಕ್ಕಿಯನ್ನು ಡಬ್ಬಿಗೆ ಹಾಕುವಾಗ ಯೇಸು ಕಲಿಸಿದ ಕರ್ತನ ಪ್ರಾರ್ಥನೆಯಲ್ಲಿ ಅನುದಿನದ ಆಹಾರವನ್ನು ಬೇಡುವ ಮಾತನ್ನು ಗಟ್ಟಿಯಾಗಿ ಹೇಳಿ, ಆ ದಿನ ಒಲೆ ಹೊತ್ತದಿರಬಹುದಾದ ಒಂದು ಮನೆಯನ್ನು ನೆನೆಯಿರಿ. ಇಷ್ಟಕ್ಕೆ ಅರ್ಧ ನಿಮಿಷ ಸಾಕು. ಈ ಕೆಲಸವನ್ನು ಮಕ್ಕಳ ಕೈಗೆ ಕೊಟ್ಟರೆ ಅವರು ಒಂದು ದಿನವೂ ಮರೆಯಲು ಬಿಡುವುದಿಲ್ಲ. ದೊಡ್ಡವರ ಹಿಡಿಯಲ್ಲಿ ಸುಮಾರು 40ರಿಂದ 50 ಗ್ರಾಂ ಅಕ್ಕಿ ಹಿಡಿಯುತ್ತದೆ; ದಿನಕ್ಕೆರಡು ಹೊತ್ತಿನಂತೆ ತಿಂಗಳಿಗೆ ಎರಡೂವರೆಯಿಂದ ಮೂರು ಕಿಲೋ ಆಗುತ್ತದೆ. ನಲವತ್ತು ಮನೆಗಳು ಸೇರಿದರೆ ಕ್ವಿಂಟಾಲು ತುಂಬುತ್ತದೆ.

ಧಾನ್ಯದ ವಿಷಯದಲ್ಲಿ ಎಚ್ಚರ ಬೇಕು, ಏಕೆಂದರೆ ಒಳ್ಳೆಯ ಮನಸ್ಸಿನ ಎಷ್ಟೋ ಯೋಜನೆಗಳು ಕೆಡುವುದು ಇಲ್ಲಿಯೇ. ಕರಾವಳಿಯಲ್ಲಿ ಕೆಲವು ಮನೆಗಳು ಕುಚ್ಚಲಕ್ಕಿಯನ್ನೂ ಕೆಲವು ಮನೆಗಳು ಬೆಳ್ತಿಗೆಯನ್ನೂ (ಕುದಿಸದ ಭತ್ತದ ಬಿಳಿ ಅಕ್ಕಿ) ಉಣ್ಣುತ್ತವೆ. ಎರಡನ್ನೂ ಒಂದೇ ಗೋಣಿಗೆ ಸುರಿದರೆ, ಬೆಳ್ತಿಗೆ ಬೆಂದು ಮುದ್ದೆಯಾದರೂ ಕುಚ್ಚಲಕ್ಕಿಯ ಕಾಳು ಇನ್ನೂ ಗಟ್ಟಿಯಾಗಿಯೇ ಇರುತ್ತದೆ. ಅಂಥ ಅಕ್ಕಿಯನ್ನು ಪಡೆದವರು ಬಾಯಿ ಬಿಟ್ಟು ಹೇಳದಿದ್ದರೂ ಅದನ್ನು ಕೋಳಿಗೆ ಹಾಕುತ್ತಾರೆ. ಆದ್ದರಿಂದ ಎರಡು ಗೋಣಿಗಳನ್ನು ಇಟ್ಟು ಅವುಗಳ ಮೇಲೆ ಹೆಸರು ಬರೆಯಿರಿ. ಉತ್ತರ ಕರ್ನಾಟಕದ ಸಭೆಗಳಲ್ಲಿ ಜೋಳವನ್ನೂ, ಹಳೆಯ ಮೈಸೂರಿನ ಕಡೆ ರಾಗಿಯನ್ನೂ ಹೀಗೆಯೇ ತೆಗೆದಿಡಬಹುದು, ಆದರೆ ಕಾಳಿನ ರೂಪದಲ್ಲಿ ಮಾತ್ರ. ಹಿಟ್ಟಿಗೆ ಬೇಗ ಹುಳು ಹಿಡಿಯುತ್ತದೆ. ಡಬ್ಬಿಯಲ್ಲಿ ತೇವವಿರಬಾರದು. ನಾಲ್ಕಾರು ಒಣ ಬೇವಿನ ಎಲೆಗಳನ್ನು ಹಾಕಿ, ತಿಂಗಳಿಗೊಮ್ಮೆ ತಪ್ಪದೆ ಖಾಲಿ ಮಾಡಿರಿ.

ಇನ್ನು ಯಾರಿಗೆ ಏನು ಬೇಕು ಎಂಬುದನ್ನು ಕೇಳಿ ತಿಳಿಯಬೇಕು. 2013ರಲ್ಲಿ ಆರಂಭವಾದ ಅನ್ನಭಾಗ್ಯದಿಂದಾಗಿ ಪಡಿತರ ಚೀಟಿಯಿರುವ ಅನೇಕ ಬಡ ಮನೆಗಳಲ್ಲಿ ಅಕ್ಕಿ ಇರುತ್ತದೆ. ಇಲ್ಲದಿರುವುದು ಬೇಳೆ, ಎಣ್ಣೆ, ಮೊಟ್ಟೆ, ತರಕಾರಿ. ಅಂಥ ಮನೆಗೆ ಮತ್ತಷ್ಟು ಅಕ್ಕಿಯನ್ನು ಹೊತ್ತೊಯ್ಯುವುದು ಕೊಡುವವರ ಸಮಾಧಾನಕ್ಕೆ ಮಾತ್ರ. ಹೀಗಾಗಿ ಅಕ್ಕಿಯ ಡಬ್ಬಿಯ ಪಕ್ಕದಲ್ಲಿ ತೊಗರಿಬೇಳೆಗೊಂದು ಚಿಕ್ಕ ಡಬ್ಬಿಯನ್ನು ಇಡುವಂತೆ ಎಲ್ಲರಿಗೂ ಹೇಳಿರಿ. ಅಕ್ಕಿಯ ನಿಜವಾದ ಕೊರತೆ ಇರುವುದು ಹೆಚ್ಚಾಗಿ ಊರು ಬಿಟ್ಟು ಕಟ್ಟಡದ ಕೆಲಸಕ್ಕೆ ಬಂದು, ಇಲ್ಲಿನ ಚೀಟಿಯಿಲ್ಲದೆ ಶೆಡ್ಡುಗಳಲ್ಲಿ ವಾಸಿಸುವವರಿಗೆ.

ಹಂಚುವ ಜವಾಬ್ದಾರಿಯನ್ನು ಸಭಾಪಾಲಕರ ಅಥವಾ ಧರ್ಮಗುರುಗಳ ಹೆಗಲಿಗೆ ಹೊರಿಸಬೇಡಿರಿ. ಯೆರೂಸಲೇಮಿನ ಆದಿ ಕ್ರೈಸ್ತ ಸಭೆಯಲ್ಲಿ ದಿನನಿತ್ಯದ ಹಂಚಿಕೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂಬ ಗೊಣಗಾಟ ಎದ್ದಾಗ, ಆ ಕೆಲಸಕ್ಕೆಂದೇ ಏಳು ಮಂದಿಯನ್ನು ಆರಿಸಿದ ಸಂಗತಿ ಅಪೊಸ್ತಲರ ಕೃತ್ಯಗಳ 6ನೆಯ ಅಧ್ಯಾಯದಲ್ಲಿದೆ. ನೀವೂ ಹಾಗೆಯೇ ನಂಬಿಕಸ್ಥರಾದ ಕೆಲವರನ್ನು, ಕಡೆಗಣನೆಗೆ ಒಳಗಾದವರ ನಡುವಿನಿಂದಲೂ ಒಬ್ಬಿಬ್ಬರನ್ನು ಸೇರಿಸಿ ಆರಿಸಿರಿ. ಅವರು ಇಬ್ಬಿಬ್ಬರಾಗಿ ಸಂಜೆಯ ಹೊತ್ತಿನಲ್ಲಿ ಮನೆಗೆ ಹೋಗಿ, ಕುಳಿತು, ಕ್ಷೇಮಸಮಾಚಾರ ಕೇಳಿ ಬರಲಿ. ಫೋಟೋ ಬೇಡ. ಆರಾಧನೆಯಲ್ಲಿ ಹೆಸರುಗಳನ್ನು ಓದುವುದು ಬೇಡ. ಪಡೆಯುವವರ ಜಾತಿ ಮತಗಳನ್ನು ವಿಚಾರಿಸುವುದಾಗಲಿ, ಆರಾಧನೆಗೆ ಬರುವಂತೆ ಅಕ್ಕಿಯ ಜೊತೆ ಕರೆಯುವುದಾಗಲಿ ಸಲ್ಲದು. ಯೇಸು ಹೇಳಿದ ಸಾಮತಿಯಲ್ಲಿ, ದಾರಿಯಲ್ಲಿ ಬಿದ್ದವನ ಗಾಯ ಕಟ್ಟಿದ ಸಮಾರ್ಯದವನು ಅಂಥ ಪ್ರಶ್ನೆಯನ್ನು ಕೇಳಲಿಲ್ಲ.

ತಿಂಗಳಿಗೊಮ್ಮೆ, ಸಾಧ್ಯವಾದರೆ ಕರ್ತನ ಭೋಜನ (ಯೇಸುವಿನ ನೆನಪಿಗಾಗಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆಚರಣೆ) ನಡೆಯುವ ಭಾನುವಾರದಂದು, ಸಂಗ್ರಹದ ಒಂದು ಭಾಗದಿಂದ ಅಡುಗೆ ಮಾಡಿ ಎಲ್ಲರೂ ಒಟ್ಟಿಗೆ ಉಣ್ಣಬೇಕು. ಇದನ್ನು ಬಿಟ್ಟರೆ ಇಡೀ ಕಾರ್ಯವು ಕೊಡುವವರು ಮತ್ತು ಪಡೆಯುವವರು ಎಂಬ ಎರಡು ಗುಂಪುಗಳನ್ನು ಮಾಡಿ ನಿಲ್ಲುತ್ತದೆ. ಕೊರಿಂಥದ ಸಭೆಯಲ್ಲಿ ಕೆಲವರು ಮೊದಲೇ ಉಂಡು ಕುಡಿದು ಅಮಲೇರಿದ್ದಾಗ ಇತರರು ಹಸಿದಿರುತ್ತಿದ್ದರು; ಇಲ್ಲದವರನ್ನು ನಾಚಿಕೆಪಡಿಸುವ ಆ ಪಂಕ್ತಿಭೇದವನ್ನು ಖಂಡಿಸುವಾಗಲೇ ಅಪೊಸ್ತಲ ಪೌಲನು ಕರ್ತನ ಭೋಜನದ ಕುರಿತಾದ ಮಾತುಗಳನ್ನು ಬರೆದನು. ಅನ್ನ, ತೊವ್ವೆ, ಒಂದು ಪಲ್ಯ, ಮಜ್ಜಿಗೆ ಇದ್ದರೆ ಸಾಕು. ಪಾಯಸ ಮಾಡಬಹುದು, ಆದರೆ ಮುಂದಿನ ತಿಂಗಳು ಇನ್ನೊಬ್ಬರು ಅದಕ್ಕಿಂತ ದೊಡ್ಡದನ್ನು ಮಾಡಬೇಕೆಂಬ ಪೈಪೋಟಿ ಹುಟ್ಟುತ್ತದೆ. ಬಡಿಸುವವರಲ್ಲಿ ಅಕ್ಕಿ ಪಡೆಯುವ ಮನೆಯವರೂ ಇರಲಿ. ಸಭೆಯ ಹಿರಿಯರು ಪ್ರತ್ಯೇಕ ಮೇಜಿಗೆ ಹೋಗದೆ ಪಂಕ್ತಿಯ ನಡುವೆ ಕೂರಲಿ.

ಹೊಸದಾಗಿ ತೊಡಗುವವರಿಗೆ ಈಸ್ಟರಿಗೆ ಮುಂಚಿನ ತಪಸ್ಸುಕಾಲ ಆರಂಭವಾಗುವ ಬೂದಿ ಬುಧವಾರ ಒಳ್ಳೆಯ ಮುಹೂರ್ತ. ಹಸಿದವರೊಂದಿಗೆ ಆಹಾರವನ್ನು ಹಂಚಿಕೊಳ್ಳುವುದೇ ದೇವರು ಮೆಚ್ಚುವ ಉಪವಾಸವೆಂದು ಪ್ರವಾದಿ ಯೆಶಾಯನ ಗ್ರಂಥದ 58ನೆಯ ಅಧ್ಯಾಯ ಹೇಳುವುದರಿಂದ, ತಪಸ್ಸುಕಾಲದ ನಲವತ್ತು ದಿನಗಳ ಮಟ್ಟಿಗೆ ಎಂದು ಹೇಳಿ ಆರಂಭಿಸಿದರೆ ಯಾರಿಗೂ ಭಾರವೆನಿಸದು; ಮುಂದುವರಿಸುವ ಮಾತನ್ನು ಈಸ್ಟರಿನ ನಂತರ ಆಡಿದರಾಯಿತು. ಬಂದ ಮತ್ತು ಹೋದ ಧಾನ್ಯದ ತೂಕವನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು, ಒಟ್ಟು ಮೊತ್ತವನ್ನು ಮಾತ್ರ ಸಭೆಗೆ ತಿಳಿಸಿರಿ. ಯಾವ ಮನೆಯಿಂದ ಎಷ್ಟು ಬಂತೆಂಬ ಲೆಕ್ಕ ಬೇಡವಾದರೂ, ಎರಡು ತಿಂಗಳು ಸತತವಾಗಿ ಬರಿದಾದ ಡಬ್ಬಿ ಬಂದ ಮನೆಯನ್ನು ಸಂಗ್ರಹಿಸುವವರು ಸದ್ದಿಲ್ಲದೆ ಗುರುತಿಟ್ಟುಕೊಂಡು, ಕಾರಣ ಕೇಳದೆ, ಮುಂದಿನ ಭೇಟಿಯ ಪಟ್ಟಿಗೆ ಸೇರಿಸಬೇಕು.