ನಿಕಲ್ ರೋಲ್ ಬಿಚ್ಚಿದ್ದೀರಾ? ಮೊದಲು ನಾಣ್ಯದ ಬೆನ್ನು ನೋಡಿ

ಬ್ಯಾಂಕಿನಿಂದ ನಿಕಲ್, ಅಂದರೆ ಐದು ಸೆಂಟಿನ ನಾಣ್ಯಗಳನ್ನು ಕಾಗದದಲ್ಲಿ ಸುತ್ತಿದ ರೋಲ್ ತಂದು, ಬಿಚ್ಚಿ, ಅದರಲ್ಲಿ ಹಳೆಯದು, ಅಪರೂಪದ್ದು ಇದೆಯಾ ಎಂದು ಹುಡುಕುವ ಹವ್ಯಾಸ ಅಮೆರಿಕದಲ್ಲಿ ತುಂಬಾ ಹಳೆಯದು. ಹೆಚ್ಚು ಖರ್ಚಿಲ್ಲ. ಬೇಡದ ನಾಣ್ಯ ವಾಪಸ್ ಕೊಟ್ಟರೆ ಹಾಕಿದ ದುಡ್ಡು ಹಾಗೇ ಕೈಗೆ ಬರುತ್ತದೆ. ಮಕ್ಕಳ ಮನೆಗೆಂದು ಆರು ತಿಂಗಳಿಗೆ ಹೋಗಿ, ಚಳಿಗೆ ಹೊರಗೆ ಕಾಲಿಡಲಾಗದೆ ಕೂತ ನಮ್ಮ ಅಪ್ಪ-ಅಮ್ಮಂದಿರಿಗೆ ಇದಕ್ಕಿಂತ ಒಳ್ಳೆಯ ಕಾಲಕ್ಷೇಪ ನನಗೆ ಗೊತ್ತಿಲ್ಲ.

ಆದರೆ ನಮ್ಮವರು ಹುಡುಕುವ ರೀತಿ ನೋಡಿದರೆ ಹೊಟ್ಟೆ ಉರಿಯುತ್ತದೆ. ನಾಣ್ಯ ಎತ್ತುತ್ತಾರೆ, ಇಸವಿ ಓದುತ್ತಾರೆ, ‘1943, ಅಂಥಾ ಹಳೇದೇನಲ್ಲ ಬಿಡು’ ಎಂದು ಪಕ್ಕಕ್ಕೆ ಹಾಕುತ್ತಾರೆ. ಹಾಗೆ ಹಾಕಿದ್ದು ಬೆಳ್ಳಿ ನಾಣ್ಯ!

ನಿಕಲ್ ಏಕೆ ಎಂದರೆ, ಡೈಮ್ (ಹತ್ತು ಸೆಂಟ್) ಮತ್ತು ಕ್ವಾರ್ಟರ್‌ಗಳಲ್ಲಿ (ಇಪ್ಪತ್ತೈದು ಸೆಂಟ್) 1964ರವರೆಗೆ ಬೆಳ್ಳಿ ಇತ್ತು. ಅವನ್ನು ಜನ ಆಗಲೇ ಆರಿಸಿಕೊಂಡುಬಿಟ್ಟರು. ನಿಕಲ್ ಹಾಗಲ್ಲ. 1938ರಿಂದ ಮುಂಬದಿಯಲ್ಲಿ ಅಮೆರಿಕದ ಹಳೆಯ ಅಧ್ಯಕ್ಷ ಜೆಫರ್ಸನ್, ಹಿಂಬದಿಯಲ್ಲಿ ಅವರ ಮನೆ ಮಾಂಟಿಚೆಲ್ಲೊ. ನಡುವೆ 2004, 2005ರಲ್ಲಿ ದೋಣಿ, ಕಾಡೆಮ್ಮೆ ಬಂದು ಹೋದವು. 2006ರಿಂದ ಜೆಫರ್ಸನ್ ನೇರವಾಗಿ ನಮ್ಮನ್ನೇ ನೋಡುತ್ತಾರೆ. ಅಷ್ಟು ಬಿಟ್ಟರೆ ಗಾತ್ರ, ಬಣ್ಣ ಎಲ್ಲಾ ಅದೇ. ಎಂಬತ್ತು ವರ್ಷ ಹಳೆಯ ನಾಣ್ಯವೂ ಚಿಲ್ಲರೆಯ ನಡುವೆ ಯಾರ ಕಣ್ಣಿಗೂ ಬೀಳದೆ ಓಡಾಡುತ್ತಿರುತ್ತದೆ.

ರೋಲ್ ತರುವುದು

ಖಾತೆ ಇರುವ ಬ್ಯಾಂಕಿಗೆ ಹೋಗಿ ಟೆಲ್ಲರ್ ಹತ್ತಿರ ಕೇಳಿ, ಅಷ್ಟೇ. ಒಂದು ರೋಲ್‌ನಲ್ಲಿ 40 ನಾಣ್ಯ, 2 ಡಾಲರ್. ಪೆಟ್ಟಿಗೆ ಬೇಕಾದರೆ 50 ರೋಲ್, 100 ಡಾಲರ್. ಅದನ್ನು ಮೊದಲೇ ಹೇಳಿ ತರಿಸಿಕೊಳ್ಳಬೇಕು. ಗಿರಾಕಿಗಳು ಮನೆಯಲ್ಲಿ ಕೈಯಲ್ಲೇ ಸುತ್ತಿ ತಂದುಕೊಟ್ಟ ರೋಲ್ ಇದೆಯಾ ಎಂದು ಕೇಳಿ ನೋಡಿ. ಅಜ್ಜನ ಡಬ್ಬಿಯ ನಾಣ್ಯಗಳನ್ನು ಮೊಮ್ಮಗ ಬ್ಯಾಂಕಿಗೆ ಕೊಟ್ಟಿರುವ ಸಾಧ್ಯತೆ ಅಲ್ಲಿ ಜಾಸ್ತಿ. ಒಂದೊಂದರಲ್ಲಿ 39 ನಾಣ್ಯವೇ ಇರುತ್ತದೆ, ಅದನ್ನು ಸಹಿಸಿಕೊಳ್ಳಿ. ಹೊಚ್ಚ ಹೊಸ ನಾಣ್ಯಗಳು ಥಳಥಳ ಹೊಳೆಯುತ್ತಿರುವ ರೋಲ್ ಮಾತ್ರ ಬೇಡ. ಎಲ್ಲವೂ ಒಂದೇ ಇಸವಿ, ಸುಮ್ನೆ ಟೈಮ್ ವೇಸ್ಟ್.

ಮೇಜಿನ ಮೇಲೆ

ಹಳೆಯ ಟವೆಲ್ ಹಾಸಿ. ದೀಪ ತಲೆಯ ಮೇಲಿರುವುದಕ್ಕಿಂತ ಪಕ್ಕದಲ್ಲಿರಲಿ, ಓರೆ ಬೆಳಕಿನಲ್ಲಿ ಸವೆದ ಅಕ್ಷರವೂ ಎದ್ದು ಕಾಣುತ್ತದೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಒಳ್ಳೆಯ ಭೂತಗನ್ನಡಿ ಸಾಕು. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ‘ಮೂವತ್ತು ಪಟ್ಟು’, ‘ಅರವತ್ತು ಪಟ್ಟು’ ಗಾಜುಗಳು ಹೆಸರಿಗೆ ಮಾತ್ರ; ಅಂಚೆಲ್ಲ ಮಸುಕು. ಕಂಪ್ಯೂಟರ್‌ಗೆ ಸಿಕ್ಕಿಸುವ ಸೂಕ್ಷ್ಮದರ್ಶಕವಂತೂ ಬೇಡವೇ ಬೇಡ. ಅದರಲ್ಲಿ ಪ್ರತಿ ಗೀರೂ ಅಪರೂಪದ ದೋಷದಂತೆ ಕಾಣುತ್ತದೆ, ಮನೆಯವರಿಗೆಲ್ಲ ತೋರಿಸಿ ತಲೆ ತಿನ್ನುತ್ತೀರಿ.

ಇನ್ನು ನೋಡುವುದು

ಎಲ್ಲರೂ ಎಡವುವುದು ಇಲ್ಲೇ. ಕಾರಣವೂ ಇದೆ. ನಮ್ಮ ರೂಪಾಯಿ ನಾಣ್ಯದಲ್ಲಿ ಟಂಕಸಾಲೆಯ ಗುರುತು ಇಸವಿಯ ಕೆಳಗೇ ಇರುತ್ತದೆ: ಚುಕ್ಕೆ ಇದ್ದರೆ ನೊಯ್ಡಾ, ನಕ್ಷತ್ರ ಇದ್ದರೆ ಹೈದರಾಬಾದ್, ವಜ್ರ ಇದ್ದರೆ ಮುಂಬೈ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಚಿಕ್ಕಂದಿನಿಂದ ನಮ್ಮ ಕಣ್ಣು ಅಲ್ಲೇ ಹೋಗಿ ನಿಲ್ಲುತ್ತದೆ. ನಿಕಲ್‌ನಲ್ಲಿ 1964ರವರೆಗೆ ಗುರುತು ಇದ್ದದ್ದು ಹಿಂಬದಿಯಲ್ಲಿ. ಡಿ ಎಂದರೆ ಡೆನ್ವರ್, ಎಸ್ ಎಂದರೆ ಸ್ಯಾನ್ ಫ್ರಾನ್ಸಿಸ್ಕೊ. ಯುದ್ಧಕಾಲದ ಬೆಳ್ಳಿ ನಾಣ್ಯ ಬಿಟ್ಟರೆ ಫಿಲಡೆಲ್ಫಿಯಾದ ನಾಣ್ಯಕ್ಕೆ ಗುರುತೇ ಇರುತ್ತಿರಲಿಲ್ಲ. 1965ರಿಂದ 67ರವರೆಗೆ ಯಾರಿಗೂ ಗುರುತಿಲ್ಲ. 1968ರಿಂದ ಅದು ಮುಂಬದಿಗೆ, ಇಸವಿಯ ಹತ್ತಿರ ಬಂತು. ಫಿಲಡೆಲ್ಫಿಯಾದ ಪಿ ಅಕ್ಷರ ನಿಕಲ್ ಮೇಲೆ ಖಾಯಂ ಆದದ್ದು 1980ರಲ್ಲಿ.

ಹಾಗಾಗಿ ನನ್ನ ಕ್ರಮ ಇದು. ರೋಲ್‌ನ ನಲವತ್ತನ್ನೂ ಮನೆಯ ಚಿತ್ರ ಮೇಲೆ ಬರುವಂತೆ ಸಾಲಾಗಿ ಹರಡಿ. ಇಸವಿಯ ಕಡೆ ನೋಡಲೇಬೇಡಿ. ಮಾಂಟಿಚೆಲ್ಲೊದ ಗುಮ್ಮಟದ ಮೇಲೆ ದೊಡ್ಡದೊಂದು ಅಕ್ಷರ, ಪಿ, ಡಿ ಅಥವಾ ಎಸ್, ಇದೆಯಾ ನೋಡಿ. ಇದ್ದರೆ ಅದು ಯುದ್ಧಕಾಲದ ನಿಕಲ್. ಎರಡನೇ ಮಹಾಯುದ್ಧದಲ್ಲಿ ನಿಕಲ್ ಲೋಹ ಸೇನೆಗೆ ಬೇಕಾಯಿತು. ಹಾಗಾಗಿ 1942ರಿಂದ 1945ರವರೆಗೆ ಈ ನಾಣ್ಯವನ್ನು 56 ಭಾಗ ತಾಮ್ರ, 35 ಭಾಗ ಬೆಳ್ಳಿ, 9 ಭಾಗ ಮ್ಯಾಂಗನೀಸ್ ಸೇರಿಸಿ ಮಾಡಿದರು. ಬೇರೆ ನಾಣ್ಯದಿಂದ ಸುಲಭವಾಗಿ ಬೇರ್ಪಡಿಸಲೆಂದೇ ಅಷ್ಟು ದೊಡ್ಡ ಅಕ್ಷರ ಹಾಕಿದ್ದು. ಐದು ಗ್ರಾಂ ನಾಣ್ಯದಲ್ಲಿ 1.75 ಗ್ರಾಂ ಬೆಳ್ಳಿ.

ಬೆಳ್ಳಿ ಅಂದ ತಕ್ಷಣ ಬೆಳ್ಳಗೆ ಹೊಳೆಯುತ್ತದೆ ಅಂದುಕೊಳ್ಳಬೇಡಿ. ಮ್ಯಾಂಗನೀಸ್ ಇರುವುದರಿಂದ ಓಡಾಡಿದ ಯುದ್ಧದ ನಿಕಲ್ ಕಪ್ಪಾಗಿ, ಜಿಡ್ಡು ಹಿಡಿದ ಹಾಗೆ ಕಾಣುತ್ತದೆ. ರೋಲ್ ಬಿಚ್ಚಿ ನಾಣ್ಯಗಳನ್ನು ಒಂದರ ಮೇಲೊಂದು ಪೇರಿಸಿದಾಗ ಅಂಚಿನಲ್ಲೇ ಬಣ್ಣದ ವ್ಯತ್ಯಾಸ ಕಾಣಬಹುದು. ‘ಛೀ, ಗಲೀಜು’ ಎಂದು ಕೈ ತೆಗೆಯುವ ನಾಣ್ಯವನ್ನೇ ಮೊದಲು ತಿರುಗಿಸಿ ನೋಡಿ.

1942ರಲ್ಲಿ ಒಂದು ಗೊಂದಲವಿದೆ. ಆ ವರ್ಷ ಎರಡೂ ಬಗೆ ಬಂದವು. ಗುಮ್ಮಟದ ಮೇಲೆ ಪಿ ಅಥವಾ ಎಸ್ ಇದ್ದರೆ ಮಾತ್ರ ಬೆಳ್ಳಿ. ಕಟ್ಟಡದ ಬಲಕ್ಕೆ ಪುಟ್ಟ ಡಿ ಇದ್ದರೆ, ಅಥವಾ ಗುರುತೇ ಇಲ್ಲದಿದ್ದರೆ, ಅದು ಮಾಮೂಲಿ ನಿಕಲ್. ಇನ್ನು 1944ರ ನಾಣ್ಯದಲ್ಲಿ ದೊಡ್ಡ ಅಕ್ಷರ ಕಾಣೆಯಾಗಿದ್ದರೆ ಅದು ಖೋಟಾ. ನ್ಯೂಜೆರ್ಸಿಯ ಫ್ರಾನ್ಸಿಸ್ ಹೆನಿಂಗ್ ಎಂಬಾತ 1950ರ ದಶಕದಲ್ಲಿ ಕಳ್ಳ ನಿಕಲ್ ಹೊಡೆಯುವಾಗ 1944ಕ್ಕೆ ಆ ಅಕ್ಷರ ಹಾಕುವುದನ್ನೇ ಮರೆತ. ಐದು ಸೆಂಟಿಗೂ ಖೋಟಾ ಮಾಡುತ್ತಾರಾ ಅಂತ ನಗಬೇಡಿ. ಮಾಡಿದ, ಜೈಲಿಗೂ ಹೋದ.

ಹಿಂಬದಿ ಮುಗಿದ ಮೇಲೆ ಎಲ್ಲವನ್ನೂ ಮಗುಚಿ ಇಸವಿ ಓದಿ. 1938, 1939ರ ಡಿ ಮತ್ತು ಎಸ್ ಗುರುತಿನವು ಸಿಕ್ಕರೆ ಎತ್ತಿಡಿ. 1950ರ ಡಿ ನಾಣ್ಯ ಬರೀ 26 ಲಕ್ಷ ಚಿಲ್ಲರೆ ತಯಾರಾಯಿತು, ಮಾಮೂಲಿ ಚಲಾವಣೆಯ ಜೆಫರ್ಸನ್ ನಿಕಲ್‌ಗಳಲ್ಲಿ ಅತಿ ಕಡಿಮೆ. ಆದರೂ ಕುಣಿದಾಡಬೇಡಿ. ಅದು ಕಡಿಮೆ ಎಂದು ಗೊತ್ತಾದೊಡನೆ ಜನ ರೋಲ್‌ಗಟ್ಟಲೆ ಬಚ್ಚಿಟ್ಟರು, ಹಾಗಾಗಿ ಬೆಲೆ ಆಕಾಶಕ್ಕೇನೂ ಏರಲಿಲ್ಲ. 2009ರದ್ದನ್ನು ನಾನಂತೂ ಬಿಡುವುದಿಲ್ಲ. ಆರ್ಥಿಕ ಹಿಂಜರಿತದ ಆ ವರ್ಷ ಎರಡೂ ಟಂಕಸಾಲೆ ಸೇರಿ 9 ಕೋಟಿಯೂ ಮಾಡಲಿಲ್ಲ. ನೂರು ಕೋಟಿ ದಾಟಿದ ವರ್ಷಗಳಿರುವಾಗ ಇದು ಕಡಿಮೆಯೇ ಅಲ್ವಾ?

ಅದೃಷ್ಟವಿದ್ದರೆ ಹಿಂದೆ ಕಾಡೆಮ್ಮೆಯ ಚಿತ್ರವಿರುವ ಹಳೆಯ ಬಫಲೊ ನಿಕಲ್ ಸಿಗುತ್ತದೆ, 1913ರಿಂದ 1938ರವರೆಗಿನದು. ಅದರ ಇಸವಿ ಉಬ್ಬಿದ ಜಾಗದಲ್ಲಿದ್ದುದರಿಂದ ಬೇಗ ಸವೆದುಹೋಗುತ್ತಿತ್ತು. ಸವೆದ ಇಸವಿಯನ್ನು ಮತ್ತೆ ಮೂಡಿಸುವ ಆಸಿಡ್ ಬಾಟಲಿ ಮಾರುತ್ತಾರೆ. ಇಸವಿ ಕಾಣುತ್ತದೆ ನಿಜ, ಜೊತೆಗೆ ನಾಣ್ಯದ ಮುಖದ ಮೇಲೆ ಕಲೆಯೂ ಕೂರುತ್ತದೆ. ಇಸವಿ ಇಲ್ಲದೆಯೇ ಇಟ್ಟುಕೊಳ್ಳಿ, ಚೆಂದ ಇರುತ್ತದೆ. ಕೆನಡಾದ ನಿಕಲ್ ಕೂಡ ನಡುವೆ ನುಸುಳಿರುತ್ತದೆ. ಅಯಸ್ಕಾಂತಕ್ಕೆ ಅಂಟಿದರೆ ಅಮೆರಿಕದ್ದಲ್ಲ.

ಜೋಡಿ ಅಕ್ಷರ ಕಂಡಿತು ಎಂದು ಓಡಿ ಬರುವವರು ಬಹಳ. 1939ರ ನಾಣ್ಯದಲ್ಲಿ ಮಾಂಟಿಚೆಲ್ಲೊ ಎಂಬ ಹೆಸರು ನಿಜಕ್ಕೂ ಎರಡೆರಡು ಸಲ ಅಚ್ಚಾದದ್ದುಂಟು. ಅಲ್ಲಿ ಎರಡನೇ ಅಕ್ಷರವೂ ದುಂಡಗೆ ಉಬ್ಬಿರುತ್ತದೆ. ನಿಮ್ಮ ನಾಣ್ಯದ ಎರಡನೇ ಅಕ್ಷರ ಚಪ್ಪಟೆಯಾಗಿ, ಒತ್ತಿ ತಳ್ಳಿದಂತೆ ಕಂಡರೆ ಅದು ಯಂತ್ರ ಅಲುಗಿದ್ದು. ಅದಕ್ಕೆ ಬೆಲೆ ಇಲ್ಲ.

ತೊಳೆಯಬೇಡಿ

ಹುಣಸೆಹಣ್ಣು, ನಿಂಬೆ, ಪಾತ್ರೆ ತಿಕ್ಕುವ ಪುಡಿ, ಟೂತ್‌ಪೇಸ್ಟ್: ಒಂದೂ ಬೇಡ. ದೇವರ ಮನೆಯ ತಾಮ್ರದ ತಂಬಿಗೆಗೆ ಅದು ಸರಿ. ನಾಣ್ಯ ತಿಕ್ಕಿದರೆ ಮೇಲ್ಮೈಯಲ್ಲಿ ಸಣ್ಣ ಗೆರೆ ಬಿದ್ದು, ಸಂಗ್ರಾಹಕರು ಕೊಡುವ ಬೆಲೆ ಅಲ್ಲಿಗೇ ಕುಸಿಯುತ್ತದೆ. ಅಂಚು ಹಿಡಿದು ಎತ್ತಿ, ರಟ್ಟಿನ ಚೌಕದೊಳಗಿಟ್ಟು ಪಿನ್ ಹೊಡೆಯಿರಿ. ಮೆತ್ತಗೆ ಬಾಗುವ ಪಿವಿಸಿ ಚೀಲಗಳು ಅಗ್ಗ, ಆದರೆ ಕಾಲಕ್ರಮೇಣ ನಾಣ್ಯದ ಮೇಲೆ ಹಸಿರು ಜಿಡ್ಡು ಬಿಡುತ್ತವೆ.

ವಾಪಸ್ ಕೊಡುವುದು

ತಂದ ಶಾಖೆಗೇ ಕೊಡಬೇಡಿ. ಅಲ್ಲಿನವರು ಗೊಣಗುತ್ತಾರೆ, ನೀವು ನೋಡಿ ಬಿಟ್ಟ ನಾಣ್ಯವೇ ಮುಂದಿನ ವಾರ ನಿಮ್ಮ ಕೈಗೆ ಬರುತ್ತದೆ. ಇನ್ನೊಂದು ಬ್ಯಾಂಕಿನಲ್ಲಿ ಖಾತೆ ಇಟ್ಟುಕೊಳ್ಳಿ. ಸೂಪರ್ ಮಾರ್ಕೆಟ್ಟಿನ ಎಣಿಸುವ ಯಂತ್ರ ನಗದು ಕೊಡುವಾಗ ಕಮಿಷನ್ ಕತ್ತರಿಸುತ್ತದೆ, ಅದಕ್ಕೆ ಹಾಕಿದರೆ ಈ ಹವ್ಯಾಸದ ಲೆಕ್ಕವೇ ತಪ್ಪುತ್ತದೆ.

ಊರಿಗೆ ಹೊರಡುವಾಗ ಮಿಕ್ಕ ನಿಕಲ್‌ಗಳನ್ನೆಲ್ಲ ಸೂಟ್‌ಕೇಸಿಗೆ ಸುರಿಯಬೇಡಿ. 2007ರ ನಿಯಮದ ಪ್ರಕಾರ ಪೆನ್ನಿ (ಒಂದು ಸೆಂಟ್), ನಿಕಲ್ ಕರಗಿಸುವಂತಿಲ್ಲ. ದೇಶದ ಹೊರಗೆ ಹೋಗುವವರು ಜೇಬಿನ ಚಿಲ್ಲರೆಯಾಗಿ 5 ಡಾಲರ್‌ವರೆಗೆ ಒಯ್ಯಬಹುದು. ಸಂಗ್ರಹಕ್ಕೆಂದು ಸ್ಪಷ್ಟವಾಗಿದ್ದರೆ 25 ಡಾಲರ್‌ವರೆಗೆ. ಗುಮ್ಮಟದ ಮೇಲೆ ಅಕ್ಷರವಿರುವ ಆ ಕಪ್ಪು ನಿಕಲ್‌ಗಳಿಗೆ ಮಾತ್ರ ಈ ನಿರ್ಬಂಧ ಇಲ್ಲ.